ಬೀಳದ ಬಂಡೆಗೊಂದು ಶಾಬಾಸ್

ಅಕ್ಕಲಕೋಟ ಸೀಮೆಯೊಳಗ ಬಾವಿ ತೋಡಿದರೆ ಕರಿಕಲ್ಲು ಹತ್ತತದ. ಸೋಲಾಪುರ ಕಡೆ ಖಣಿಗಳಲ್ಲಿ ಅದನ್ನೇ ಒಡೆದು ಖಡಿ ಮಾಡತಾರ. ನಮ್ಮಪ್ಪ ಅಂಥದೊಂದು ಖಣಿಯಲ್ಲಿ ದುಡಿದವರು. ಮಳೆಯ ಮರುದಿನ ಮೇಲಿನ ಬಂಡೆಯನ್ನು ಹಾರಿಯಿಂದ ತಟ್ಟಿ, “ಟೊಳ್ಳು ದನಿ ಬರ್ತದ, ಕೆಳಗ ಇಳೀಬ್ಯಾಡ್ರಿ” ಅಂದರು. ಸಂಜೆತನಕ ಬಂಡೆ ಬೀಳಲಿಲ್ಲ. ಮಾಲಕ ಅರ್ಧ ದಿನದ ಪಗಾರ ಹಿಡಿದ. ಮುಂದೆ ಅಲ್ಲಿ ಯಾರೂ ಬಂಡೆ ತಟ್ಟಲಿಲ್ಲ.

1975ರ ಡಿಸೆಂಬರ್ 27ರಂದು ಚಾಸನಾಲಾ ಕಲ್ಲಿದ್ದಲ ಗಣಿಗೆ ನೀರು ನುಗ್ಗಿ 375 ಜನ ಸತ್ತರು. ಆ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಸುಳಿವು ಹಿಡಿದು ಜನರನ್ನು ಮೇಲೆ ಕರೆತಂದ ಗಣಿಯ ಹೆಸರು ಯಾರ ಬಾಯಲ್ಲೂ ಬರೂದಿಲ್ಲ. ಕಾಪಾಡಿದ ಕೆಲಸ ಕಣ್ಣಿಗೆ ಕಾಣೂದಿಲ್ಲ.

“ಅದು ಅವನ ಕರ್ತವ್ಯ, ಹೊಗಳೂದು ಯಾಕ?” ಅನ್ನಬಹುದು. 1952ರ ಗಣಿ ಕಾಯ್ದೆ ಮಾಲಕನ ಮೇಲೂ ಕರ್ತವ್ಯ ಹೊರಿಸಿತ್ತು. ಬರೀ ಹೊಗಳಿಕೆಯಿಂದ ಅದು ತೀರೂದಿಲ್ಲ. ಆದರೆ ಬಂಡೆಯ ದನಿ ಕೇಳೂದು ಕಾಯ್ದೆಯ ಕಿವಿಗಲ್ಲ, ಕೂಲಿಯವನ ಕಿವಿಗೆ. ಅವನು ಬಾಯಿ ಬಿಡಬೇಕಾದರೆ ಧೈರ್ಯ ಬೇಕು.

ಹಾಗಂತ “ಅಪಘಾತ ಇಲ್ಲ” ಅಂದವರಿಗೆ ಇನಾಮು ಕೊಟ್ಟರೆ, ಜಜ್ಜಿದ ಬೆರಳನ್ನೂ ಮುಚ್ಚಿಡತಾರ. ಶಾಬಾಸ್ ಸಲ್ಲಬೇಕಾದ್ದು ಎಚ್ಚರಿಸಿದವನಿಗೆ, ಅವನ ಅಂದಾಜು ತಪ್ಪಿದರೂ ಸಹ.

ಅಪ್ಪ ಮುಂದೆ ಬೇರೆ ಖಣಿಗೆ ಹೋದರು. ಅಲ್ಲಿಯೂ ಒಮ್ಮೆ ಕೆಲಸ ನಿಲ್ಲಿಸಿದರು. ಅಲ್ಲಿಯೂ ಬಂಡೆ ಬೀಳಲಿಲ್ಲ. ಮುಕಾದಮ ಎಲ್ಲರ ಮುಂದೆ, “ಛಲೋ ಮಾಡಿದ್ರಿ ಕಾಕಾ, ನಾಳೆನೂ ನೀವೇ ತಟ್ಟಿ ನೋಡ್ರಿ” ಅಂದನಂತೆ. ಮರುದಿನ ಇನ್ನಿಬ್ಬರು ಹುಡುಗರು ಹಾರಿ ಹಿಡಿದು ಅವರ ಬೆನ್ನಿಗೆ ನಿಂತರಂತೆ.