ಕೆತ್ತಿದವರಿಲ್ಲದ ಕಂಬಗಳು

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದವರು ಸಾಮಾನ್ಯವಾಗಿ ತೆಂಗಿನಮರಗಳ ಬಗ್ಗೆ, ತಿಳಿನೀರಿನ ಬಗ್ಗೆ, ಮರಳೇ ಕಾಣದಷ್ಟು ಚಿಪ್ಪು ತುಂಬಿದ ದಂಡೆಯ ಬಗ್ಗೆ ಹೇಳುತ್ತಾರೆ. ಎಲ್ಲವೂ ನಿಜವೇ, ಚೆಂದವೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅಲ್ಲಿನ ಕಲ್ಲು.

ದಡದಿಂದ ಸುಮಾರು ಆರು ಕಿಲೋಮೀಟರ್ ಆಚೆ, ಜನವಸತಿಯೇ ಇಲ್ಲದ ತುಂಡು ನೆಲ ಅದು. ಮಳೆಗಾಲದಲ್ಲಿ ಬೋಟುಗಳೂ ಅತ್ತ ಸುಳಿಯುವುದಿಲ್ಲ. ಕಡಲಿಗೆ ಎದೆಯೊಡ್ಡಿದ ಅಂಚಿನಲ್ಲಿ ಕಪ್ಪು ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಕೆಲವು ಮೊಣಕಾಲೆತ್ತರ, ಕೆಲವು ಆಳಿಗಿಂತ ಎಷ್ಟೋ ಮೇಲೆ. ಒಂದರ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಮೂಲೆ ಎಣಿಸಿದೆ: ಆರು. ಪಕ್ಕದ್ದಕ್ಕೆ ಐದು. ಅದರಾಚೆಯದಕ್ಕೆ ಮತ್ತೆ ಆರು. ಕಂಬದ ನೆತ್ತಿಯ ತಗ್ಗಿನಲ್ಲಿ ತೆರೆ ಚೆಲ್ಲಿಹೋದ ನೀರು ಆರಿ, ಅಂಚಿನಗುಂಟ ಉಪ್ಪು ಬಿಳಿ ಗೆರೆಯಾಗಿ ಕೂತಿತ್ತು. ಎರಡು ಕಂಬಗಳ ನಡುವೆ ಬೆರಳು ತೂರುವಷ್ಟು ಸಂದು. ಅದರೊಳಗೊಂದು ಏಡಿ ನನ್ನ ನೆರಳು ಬಿದ್ದ ಕೂಡಲೇ ಇನ್ನಷ್ಟು ಒಳಕ್ಕೆ ಸರಿಯಿತು.

ಅಲ್ಲೇ ಒಬ್ಬಳು ಪುಟ್ಟ ಹುಡುಗಿ ತಂದೆಯನ್ನು ಕೇಳುತ್ತಿದ್ದಳು: "ಅಪ್ಪಾ, ಇದನ್ನೆಲ್ಲ ಯಾರು ಕೆತ್ತಿದ್ದು?" ಅವರು ಸ್ವಲ್ಪ ಯೋಚಿಸಿ, "ಯಾರೂ ಅಲ್ಲ ಪುಟ್ಟಾ, ಇದು ಹಾಗೇ ಆದದ್ದು" ಎಂದರು. ಅವಳು ನಂಬಲಿಲ್ಲ. ಅವಳು ನಂಬದಿದ್ದದ್ದು ನನಗೆ ತುಂಬ ಸರಿಯೆನಿಸಿತು. ಬೇಲೂರು, ಹಳೇಬೀಡು ನೋಡಿ ಬೆಳೆದ ಕಣ್ಣು ನಮ್ಮದು. ಕಲ್ಲಿನಲ್ಲಿ ಅಚ್ಚುಕಟ್ಟು ಕಂಡಲ್ಲೆಲ್ಲ ಉಳಿ ಹಿಡಿದ ಕೈಯನ್ನು ಹುಡುಕುತ್ತೇವೆ. ಇಲ್ಲಿ ಆ ಕೈ ಸಿಗುವುದೇ ಇಲ್ಲ.

ಹಾಗಾದರೆ ಇದು ಆದದ್ದು ಹೇಗೆ? ಭೂಮಿಯೊಳಗಿಂದ ಉಕ್ಕಿ ಹರಡಿದ ಲಾವಾ ಮೇಲ್ಮೈಯಿಂದ ತಣಿಯತೊಡಗುತ್ತದೆ; ತಣಿದದ್ದು ಕುಗ್ಗುತ್ತದೆ. ಎಲ್ಲ ಕಡೆಗೂ ಸಮನಾಗಿ ಎಳೆತ ಬಿದ್ದಾಗ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಕೆಸರಿನಂತೆ, ಅದು ಬಿರಿಯುತ್ತದೆ. ಒಂದೆಡೆ ಮೂರು ಬಿರುಕುಗಳು ಸರಿಸುಮಾರು ಸಮಾನ ಕೋನಗಳಲ್ಲಿ ಕೂಡಿದರೆ ಒತ್ತಡ ಚೆನ್ನಾಗಿ ಸಡಿಲವಾಗುತ್ತದೆ; ಹಾಗಾಗಿ ಆರು ಮೂಲೆಗಳತ್ತ ಒಲವು. ತಂಪು ಕೆಳಗಿಳಿದ ಹಾಗೆ ಬಿರುಕೂ ಕೆಳಗಿಳಿಯುತ್ತದೆ, ಮೇಲಿನ ಚಿತ್ತಾರ ಆಳದವರೆಗೂ ಇಳಿದು ಕಂಬವಾಗುತ್ತದೆ. ನಾವು ಕಟ್ಟಡವೆಂದು ಬೆರಗಾಗುವುದು ಒಂದು ಒಡೆತಕ್ಕೆ. ಇಷ್ಟು ತಿಳಿದ ಮೇಲೆ ಬೆರಗು ತೀರಿಹೋಗಬಹುದೆಂದುಕೊಂಡಿದ್ದೆ. ತೀರಲಿಲ್ಲ, ಹೆಚ್ಚಿತು. ಶಿಲ್ಪಿಯೊಬ್ಬ ಇದ್ದಿದ್ದರೆ ಅವನ ಜಾಣ್ಮೆಯನ್ನು ಕೊಂಡಾಡಿ ಮನೆಗೆ ಬರಬಹುದಿತ್ತು. ಬರೀ ಕಾವು ಮತ್ತು ತಂಪು ಸೇರಿ ಇಷ್ಟು ಮಾಡಿವೆ ಎಂದರೆ ಯಾರನ್ನು ಕೊಂಡಾಡುವುದು?

ಇನ್ನೂ ದೊಡ್ಡ ಒಡೆತವೊಂದು ಇದರ ಹಿಂದಿದೆ. ಈ ಲಾವಾ ಹರಿದದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದಲ್ಲಿ. ದಖ್ಖನ್ ಪ್ರಸ್ಥಭೂಮಿಯ ಕಪ್ಪು ಶಿಲೆ ಹರಿದದ್ದು 6.6 ಕೋಟಿ ವರ್ಷಗಳ ಆಸುಪಾಸಿನಲ್ಲಿ. ಈ ಕಂಬಗಳು ಅದಕ್ಕಿಂತಲೂ ಹಿರಿಯವು. ಆಗ ಹಿಮಾಲಯವಿರಲಿಲ್ಲ, ಡೈನೋಸಾರ್‌ಗಳು ಇನ್ನೂ ಬದುಕಿದ್ದವು. ನಮ್ಮ ಈ ನೆಲ ಸಮಭಾಜಕ ವೃತ್ತದಿಂದ ಬಹಳ ತೆಂಕಣಕ್ಕಿತ್ತು. ಇದು ಊಹೆಯಲ್ಲ. ತಣಿಯುವಾಗ ಕಲ್ಲಿನೊಳಗಿನ ಕಬ್ಬಿಣದ ಖನಿಜಗಳು ಆ ಹೊತ್ತಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ದಿಕ್ಕಿನ ಬಾಗನ್ನು ಅಳೆದರೆ ಕಲ್ಲು ಹುಟ್ಟಿದ ಜಾಗ ಸಮಭಾಜಕದಿಂದ ಎಷ್ಟು ದೂರವಿತ್ತೆಂದು ತಿಳಿಯುತ್ತದೆ. ನಾನು ಕೈಯಿಟ್ಟಿದ್ದ ಕಂಬ ತನ್ನ ಹುಟ್ಟೂರಿನ ಗುರುತನ್ನು ಒಡಲಲ್ಲೇ ಇಟ್ಟುಕೊಂಡು, ಭೂಮಿಯ ನಡುಗೆರೆ ದಾಟಿ ಮಲ್ಪೆಯವರೆಗೆ ಬಂದಿದೆ. ಅದನ್ನು ಹೊತ್ತ ನೆಲ ಈಗಲೂ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಲೇ ಇದೆ.

1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ದ್ವೀಪಕ್ಕೆ ಮೇರಿಯ ಹೆಸರಿಟ್ಟನೆಂಬ ಪ್ರತೀತಿಯಿದೆ. ಮಲ್ಪೆಯ ಕಡೆಯವರಿಗೆ ಇದು ತೋನ್ಸೆಪಾರ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಸಾರಲೇಬೇಕಿತ್ತು. ಇಂಥ ಕಲ್ಲಿನ ಮೇಲೆ ಒಬ್ಬರು ಹೆಸರು ಗೀಚಿದರೂ ನನಗೆ ಸಂಕಟವಾಗುತ್ತದೆ.

ಇಲ್ಲಿಂದ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದೂರದ ಮಡಗಾಸ್ಕರ್‌ನ ಮೂಡಣ ಕರಾವಳಿಯಲ್ಲಿ ಇದೇ ಕಾಲದ ಜ್ವಾಲಾಮುಖಿ ಶಿಲೆಗಳಿವೆ. ಒಂದು ಕಾಲಕ್ಕೆ ಆ ಕರಾವಳಿ ನಮ್ಮ ಪಡುಕರಾವಳಿಗೆ ಅಂಟಿಕೊಂಡಿತ್ತು. ಎಂದಾದರೂ ಅಲ್ಲಿಗೆ ಹೋಗಿ ಆ ಕಲ್ಲನ್ನೂ ಮುಟ್ಟಬೇಕೆಂಬ ಆಸೆ ನನಗೆ ಗಟ್ಟಿಯಾಗಿ ಹತ್ತಿಕೊಂಡಿದೆ.