ಕಾಲ ಮೀರಿದ ಗೌರವ

ವಿಧ್ಯುಕ್ತವಾದ ಕವಾಯತೊಂದು ತಪ್ಪಿದರೆ ಯೋಧನಿಗೆ ಆಗುವ ನಷ್ಟವೇನು? ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ಶಿಕ್ಷಣ ಮುಗಿಸಿದ ತರುಣರು ಪ್ರತಿಜ್ಞೆ ಸ್ವೀಕರಿಸುವುದನ್ನು ಕಂಡವರು ಈ ಪ್ರಶ್ನೆಯನ್ನು ಹಗುರವಾಗಿ ಎಣಿಸಲಾರರು. ಹೆತ್ತವರ ಕಣ್ಣಿಗೆ ಅದು ಮಗನ ಎರಡನೆಯ ಜನ್ಮವೇ ಸರಿ. ಅಂತಹ ವಿಧಿಯು ರೋಗದಿಂದಲೋ ರಣದ ಕರೆಯಿಂದಲೋ ಒಬ್ಬನಿಗೆ ತಪ್ಪಿತೆಂದು ಭಾವಿಸೋಣ. ಅವನು ವೃದ್ಧನಾದ ಮೇಲೆ, ಓದಿದ ಕಾಲೇಜು ಅವನನ್ನು ಕರೆದು ಅದನ್ನು ನೆರವೇರಿಸಿದರೆ, ಅದು ಗೌರವವೋ ಬರಿಯ ಆಟವೋ?

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂದು ಕೆಲವರು ಹೇಳುವರು. ನಡುಗುವ ಕೈಯಿಂದ ವಂದನೆ ಮಾಡಿಸಿ ಸಾಧಿಸುವುದೇನೆಂಬುದು ಅವರ ವಾದ.

ಧರ್ಮಶಾಸ್ತ್ರದ ಮತ ಬೇರೆ. ಕರ್ಮಕ್ಕೆ ಮುಖ್ಯಕಾಲವಿರುವಂತೆ ಗೌಣಕಾಲವೂ ಉಂಟು. ಸಂಧ್ಯಾಕಾಲ ಮೀರಿತೆಂದು ಯಾರೂ ಸಂಧ್ಯಾವಂದನೆಯನ್ನು ಬಿಡುವುದಿಲ್ಲ. ಪ್ರಾಯಶ್ಚಿತ್ತಾರ್ಘ್ಯವೊಂದನ್ನು ಹೆಚ್ಚಾಗಿ ಕೊಟ್ಟು ಪೂರೈಸುತ್ತಾರೆ. ಆ ಪ್ರಾಯಶ್ಚಿತ್ತವು ಸೂರ್ಯನದಲ್ಲ, ತಡಮಾಡಿದವನದು. ಇಲ್ಲಿಯೂ ಹಾಗೆಯೇ. ವಿಧಿ ತಪ್ಪಿದುದು ಯಾರ ದೋಷದಿಂದಲೂ ಅಲ್ಲದಿರಬಹುದು. ಆಮೇಲೆ ಕರೆಯದೆ ಉಳಿದುದು ನಮ್ಮ ಉದಾಸೀನ. ವೃದ್ಧನ ಸೇವೆ ಅಂದೇ ಪೂರ್ಣವಾಯಿತು. ಉಳಿದ ಋಣ ನಮ್ಮದು. ಆದುದರಿಂದ ಅಂತಹ ಸಭೆಯಲ್ಲಿ ಮೆರೆಯಬೇಕಾದುದು ಕೊಡುವವರ ಔದಾರ್ಯವಲ್ಲ, ವಿನಯ.

ನಮ್ಮ ನಾಡಿನ ನಿದರ್ಶನವೊಂದನ್ನು ನೋಡಬಹುದು. ಕೊಡಗಿನ ಕೆ. ಎಂ. ಕಾರಿಯಪ್ಪನವರು 1949ರ ಜನವರಿ 15ರಂದು ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು, 1953ರಲ್ಲಿ ನಿವೃತ್ತರಾದರು. ಫೀಲ್ಡ್ ಮಾರ್ಷಲ್ ಪದವಿ ಅವರಿಗೆ ದೊರೆತುದು 1986ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ. ಆ ದಂಡದಿಂದ ಅವರು ಯಾವ ಸೇನೆಯನ್ನೂ ನಡೆಸಬೇಕಾಗಿರಲಿಲ್ಲ. ಆದರೂ ಅದನ್ನು ವ್ಯರ್ಥವೆನ್ನುವವರಾರು? ರಾಷ್ಟ್ರವು ತನ್ನ ಲೆಕ್ಕವನ್ನು ಸರಿಪಡಿಸಿಕೊಂಡಿತು. ಅದನ್ನು ಕಾಣಲು ಅವರು ಜೀವಿಸಿದ್ದರು.

ಎಲ್ಲರಿಗೂ ಆ ಭಾಗ್ಯವಿಲ್ಲ. ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ 1831ರಲ್ಲಿ ಸಂಗೊಳ್ಳಿ ರಾಯಣ್ಣನಿಗೆ ದೊರೆತುದು ನೇಣು. ಇಂದು ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೆ ಆತನ ಹೆಸರಿದೆ. ಸಮಾಧಿಯ ಬಳಿಯ ಆಲಕ್ಕೆ ಜನರು ಹರಕೆಯ ತೊಟ್ಟಿಲು ಕಟ್ಟುತ್ತಾರೆ. ಇವೆಲ್ಲ ನಮ್ಮ ಶ್ರೇಯಸ್ಸಿಗೆ ಆವಶ್ಯಕವೇ. ಆದರೆ ಆತನ ಕಿವಿಗೆ ಒಂದು ಜಯಕಾರವೂ ತಲಪದು.

ಮೃತರ ಶ್ರಾದ್ಧಕ್ಕೆ ವರ್ಷವರ್ಷವೂ ತಿಥಿ ಬರುತ್ತದೆ. ಜೀವಂತರ ಸತ್ಕಾರಕ್ಕೆ ಅಂತಹ ತಿಥಿಯಿಲ್ಲ. ಅದರ ಗೌಣಕಾಲವು ಅವರ ಉಸಿರಿರುವವರೆಗೆ ಮಾತ್ರ. ನಮ್ಮ ಊರಿನಲ್ಲಿ, ನಮ್ಮ ಬೀದಿಯಲ್ಲಿ ಅಂತಹ ವೃದ್ಧ ಯೋಧರಿದ್ದರೆ, ವೇದಿಕೆ ಸಿದ್ಧವಾಗುವವರೆಗೆ ಕಾಯದೆ ಇಂದೇ ಅವರ ಬಾಗಿಲಿಗೆ ಹೋಗುವುದು ವಿಹಿತ.