ಜಾಲಿ ಗಿಡದ ಕೆಳಗೆ ಕುಳಿತ ಡಾಕ್ಟರು

ಬೈಬಲ್‌ನಲ್ಲಿ ಒಂದನೆಯ ಅರಸುಗಳು 19ನೇ ಅಧ್ಯಾಯ ತೆಗೆಯಿರಿ.

ಇವತ್ತಿನ ಸಂದೇಶ ವೈದ್ಯಕೀಯ ತರಬೇತಿಯಲ್ಲಿರುವ ನಮ್ಮ ಮಕ್ಕಳಿಗಾಗಿ. ಹೌಸ್ ಸರ್ಜನ್ಸಿ ಮಾಡ್ತಿರೋರು, ಪಿಜಿ ಮಾಡ್ತಿರೋರು. ಅವರಲ್ಲಿ ಹೆಚ್ಚಿನವರು ಇವತ್ತು ಇಲ್ಲಿಲ್ಲ, ಡ್ಯೂಟಿಯಲ್ಲಿದ್ದಾರೆ. ಆದರೆ ಅಪ್ಪ ಅಮ್ಮ ಕೂತಿದ್ದೀರಿ. ಗಮನ ಕೊಟ್ಟು ಕೇಳಿ.

ನಮಗೆ ಪೆಂತೆಕೋಸ್ತಿನವರಿಗೆ 18ನೇ ಅಧ್ಯಾಯ ಅಂದ್ರೆ ಬಹಳ ಇಷ್ಟ. ಕರ್ಮೆಲ್ ಬೆಟ್ಟ, ಬೆಂಕಿ, ಜಯ! 19ಕ್ಕೆ ಬಂದ ಕೂಡಲೇ ಬೇಗ ಬೇಗ ಪುಟ ತಿರುಗಿಸ್ತೀವಿ. ಅಲ್ಲಿ ಅದೇ ಎಲೀಯನು ಸಾವನ್ನು ಕೇಳಿಕೊಳ್ಳುತ್ತಾನೆ. ಈಜೆಬೆಲಳ ಬೆದರಿಕೆಗೆ ಓಡಿದವನು ಬೇರ್ಷೆಬದಲ್ಲಿ ತನ್ನ ಸೇವಕನನ್ನೂ ಬಿಟ್ಟು, ಒಬ್ಬನೇ ಅಡವಿಗೆ ಹೋಗಿ ಜಾಲಿ ಗಿಡದ ಕೆಳಗೆ ಕುಳಿತ. ಗಮನಿಸಿ, ಜೊತೆಗಿದ್ದ ಒಬ್ಬನನ್ನೂ ಬಿಟ್ಟು ಹೋದ. ಮನಸ್ಸು ಕುಸಿದವರು ಮೊದಲು ಮಾಡೋದೇ ಇದು. ಫೋನ್ ಎತ್ತಲ್ಲ, ಕೇಳಿದ್ರೆ "ಬ್ಯುಸಿ" ಅಂತಾರೆ.

ಆಗ ದೇವದೂತ ಬಂದು ಏನು ಮಾಡಿದ? ಪ್ರಸಂಗ ಮಾಡಿದನಾ? ನಿನ್ನ ವಿಶ್ವಾಸ ಎಲ್ಲಿ ಹೋಯ್ತು ಅಂತ ಬೈದನಾ? ಇಲ್ಲ ಪ್ರಿಯರೇ. ಮುಟ್ಟಿ ಎಬ್ಬಿಸಿದ, ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ ಕೊಟ್ಟ. ಮಾತುಕತೆ ಆಮೇಲೆ, ನಲವತ್ತು ದಿನಗಳ ನಂತರ ಹೋರೇಬಿನಲ್ಲಿ.

ನಮ್ಮ ಮಕ್ಕಳಿಗೆ ಆ ನಿದ್ರೆಯಾದರೂ ಇದೆಯಾ? 24 ಗಂಟೆ, 36 ಗಂಟೆ ಒಂದೇ ಸಮನೆ ನಿಲ್ಲುತ್ತಾರೆ. ರೆಸಿಡೆಂಟ್ ವೈದ್ಯರ ಕೆಲಸದ ಅವಧಿಗೆ ಮಿತಿ ಹಾಕಿ ಕೇಂದ್ರ ಸರ್ಕಾರ ಆದೇಶ ಕೊಟ್ಟದ್ದು 1992ರಲ್ಲಿ! ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಬೇಕು ಅಂತ ಶಿಫಾರಸು ಮಾಡಿತು. ಅವರ ಸಮೀಕ್ಷೆಗೆ ಉತ್ತರಿಸಿದ 5,337 ಪಿಜಿ ವಿದ್ಯಾರ್ಥಿಗಳಲ್ಲಿ ಶೇಕಡಾ 31ರಷ್ಟು ಮಂದಿ ಸಾಯುವ ಆಲೋಚನೆ ಬಂದಿತ್ತು ಅಂದಿದ್ದಾರೆ. ಹತ್ತರಲ್ಲಿ ಮೂರು ಜನ. ಎಲೀಯನೊಬ್ಬನೇ ಅಲ್ಲ, ಆ ಗಿಡದ ಕೆಳಗೆ ಒಂದು ಹಾಸ್ಟೆಲೇ ಕೂತಿದೆ.

ಆದರೂ ಕೌನ್ಸೆಲರ್ ಹತ್ತಿರ ಹೋಗಲ್ಲ. ಯಾಕೆ? ಕಾಲೇಜಿನ ಕೌನ್ಸೆಲರ್‌ಗೆ ಹೇಳಿದ್ರೆ ಎಚ್‌ಒಡಿ ಕಿವಿಗೆ ಹೋಗುತ್ತೆ ಅನ್ನೋ ಭಯ. ಎಚ್‌ಒಡಿ ಸಹಿ ಇಲ್ಲದೆ ಥೀಸಿಸ್ ಮುಂದೆ ಹೋಗಲ್ಲ. ಸೀಟು ಬಿಟ್ಟು ಬರೋಣ ಅಂದ್ರೆ ಎಷ್ಟೋ ಕಡೆ ಲಕ್ಷಗಟ್ಟಲೆ ದಂಡ. ಇನ್ನು ಕೆಲವರು ತಾವೇ ಡಾಕ್ಟರಲ್ವಾ, ನಿದ್ದೆ ಮಾತ್ರೆ ತಾವೇ ತಗೊಳ್ತಾರೆ. ದಯವಿಟ್ಟು ಬೇಡ.

ಇನ್ನೊಂದು ಅಡ್ಡಿ ನಾವೇ, ಸಭೆಯವರು. "ಪ್ರಾರ್ಥನೆ ಸಾಲದು, ಉಪವಾಸ ಮಾಡು" ಅಂತೀವಿ. ರಾತ್ರಿಯೆಲ್ಲಾ ಕ್ಯಾಷುಯಾಲ್ಟಿಯಲ್ಲಿ ಊಟವಿಲ್ಲದೆ ನಿಂತ ಹುಡುಗಿಗೆ ಉಪವಾಸ ಹೇಳಿಕೊಡಬೇಕಾ? ದೇವರು ಎಲೀಯನಿಗೆ ರೊಟ್ಟಿ ಕೊಟ್ಟರು, ನಾವು ಇರೋ ತಟ್ಟೆಯನ್ನೂ ಎತ್ತಿಕೊಳ್ತೀವಿ. ಕಾಲು ಮುರಿದರೆ ಪ್ರಾರ್ಥಿಸಿ ಮೂಳೆ ಡಾಕ್ಟರ ಹತ್ತಿರ ಕಳಿಸ್ತೀವಿ. ಮನಸ್ಸಿಗೆ ಮಾತ್ರ ಯಾಕೆ ಬೇರೆ ನಿಯಮ?

ಹೋರೇಬಿನಲ್ಲಿ ನೋಡಿ. ಇಲ್ಲೇನು ಮಾಡ್ತಿದ್ದೀ ಅಂತ ದೇವರು ಎರಡು ಸಲ ಕೇಳುತ್ತಾರೆ. ಎಲೀಯ ಎರಡು ಸಲವೂ ಅದೇ ಉತ್ತರ ಕೊಡುತ್ತಾನೆ. ಮೊದಲೇ ಹೇಳಿದ್ದೀಯಲ್ಲ ಅಂತ ದೇವರು ಸಿಡುಕಲಿಲ್ಲ, ಪೂರ್ತಿ ಕೇಳಿಸಿಕೊಂಡರು. ಒಳ್ಳೇ ಕೌನ್ಸೆಲರ್ ಮಾಡುವುದೂ ಇದನ್ನೇ. ಅದೇ ನೋವನ್ನು ಹತ್ತನೇ ಸಲ ಹೇಳಿದರೂ ಕೇಳುತ್ತಾರೆ. ನಾವು ಎರಡನೇ ಸಲಕ್ಕೇ ವಾಕ್ಯ ಕೋಟ್ ಮಾಡಿ ಬಾಯಿ ಮುಚ್ಚಿಸ್ತೀವಿ. ಆಮೇಲೆ ದೇವರು ಎಲೀಯನಿಗೆ ಎಲೀಷನನ್ನು ಕೊಟ್ಟರು, ಅವನ ಕೆಲಸ ಹಂಚಿಕೊಳ್ಳಲು ಒಬ್ಬ ಮನುಷ್ಯನನ್ನು.

ಬರೆದುಕೊಳ್ಳಿ: 14416. ಇದು ಟೆಲಿ ಮಾನಸ್. ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಉಚಿತ ಸೇವೆ, 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ಮಾರ್ಗದರ್ಶನ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನದು. ಕಾಲೇಜಿನ ಹೊರಗಿನ ಸೇವೆ. ಮಾನಸಿಕ ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು ಅಂತ 2017ರ ಕಾಯ್ದೆಯೇ ಹೇಳುತ್ತದೆ. ಜೀವ ತೆಗೆದುಕೊಳ್ಳೋ ಯೋಚನೆ ಬಂದ ರಾತ್ರಿ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಫೋನ್ ಮಾಡಿ, ಪಕ್ಕದ ರೂಮಿನವರನ್ನು ಎಬ್ಬಿಸಿ.

ತಂದೆ ತಾಯಂದಿರೇ, ಈ ವಾರ ಫೋನ್ ಮಾಡಿದಾಗ ಮಾರ್ಕ್ಸ್ ಕೇಳಬೇಡಿ, ಮದುವೆ ವಿಷಯ ಎತ್ತಬೇಡಿ. ಮಲಗಿದ್ಯಾ, ಊಟ ಮಾಡಿದ್ಯಾ ಅಂತ ಕೇಳಿ. "ಆಗ್ತಿಲ್ಲ ಅಮ್ಮಾ" ಅಂದ್ರೆ ತಕ್ಷಣ ಉತ್ತರ ಕೊಡಬೇಡಿ, ಕೇಳಿಸಿಕೊಳ್ಳಿ. ಬಸ್ ಹತ್ತಿ ಹೋಗಿ ಬನ್ನಿ, ಬುತ್ತಿ ಕಟ್ಟಿಕೊಂಡು.

ಈಗ ಎದ್ದು ನಿಲ್ಲೋಣ, ಕಣ್ಣು ಮುಚ್ಚಿ. ತಂದೆಯೇ, ಈ ಹೊತ್ತಿನಲ್ಲಿ ವಾರ್ಡಿನಲ್ಲಿರುವ ಪ್ರತಿಯೊಬ್ಬ ಮಗ, ಮಗಳ ಹತ್ತಿರ ನಿನ್ನ ದೂತನನ್ನು ಕಳುಹಿಸು. ಒಂದು ಗಂಟೆಯಾದರೂ ನಿದ್ರೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.